ಗೋದಲಿ ಕಟ್ಟೋ ಬಗ್ಗೆ
ಎಲ್ರಿಗೂ ನಮಸ್ಕಾರ, ಶನಿವಾರ ಸಂಜೆ ವಿರಾಜಪೇಟೆ ಚರ್ಚ್ ಹತ್ರ ಗೋದಲಿ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ದೃಶ್ಯ, ಕಟ್ತೀವಿ, ಹುತ್ತರಿ ಮುಗ್ದು ಗದ್ದೆ ಕೊಯ್ದಾಗಿರೋರು ಸ್ವಲ್ಪ ಒಣಹುಲ್ಲು ತನ್ನಿ, ತೋಟದ ಮರದ ಪಾಚಿ ಸಿಕ್ರೆ ಅದೂ ಬೇಕು. ಮಕ್ಳು ಇದೆಲ್ಲ ಯಾಕೆ ಅಂತ ಕೇಳ್ತಿದ್ರು, 1223ರ ಕ್ರಿಸ್‌ಮಸ್‌ಗೆ ಇಟಲಿಯ ಗ್ರೆಚ್ಚೊ ಅನ್ನೋ ಊರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಮೇವಿನ ತೊಟ್ಟಿಗೆ ಹುಲ್ಲು ಹಾಕ್ಸಿ, ನಿಜವಾದ ಎತ್ತು ಕತ್ತೆ ತರ್ಸಿ ನಿಲ್ಸಿ ಬಲಿಪೂಜೆ (ಚರ್ಚಲ್ಲಿ ನಡ್ಯೋ ಮಾಸ್, ಪ್ರಾಣಿಬಲಿ ಅಲ್ಲ) ಮಾಡ್ಸಿದ್ರು, ಯೇಸು ಎಂಥಾ ಬಡತನದಲ್ಲಿ ಹುಟ್ಟಿದ್ದು ಅಂತ ಜನ ಕಣ್ಣಾರೆ ನೋಡ್ಲಿ ಅಂತ. ಅಂದಹಾಗೆ ಲೂಕನ ಸುವಾರ್ತೇಲಿ ತೊಟ್ಟಿ ಇದೆ, ಎತ್ತು ಕತ್ತೆ ಇಲ್ಲ, ಅವು ಬೈಬಲ್‌ನ ಹಳೆ ಒಡಂಬಡಿಕೇಲಿರೋ ಯೆಶಾಯನ ಗ್ರಂಥದಿಂದ ಬಂದು ಸೇರ್ಕೊಂಡಿದ್ದು! ಸೀರಿಯಲ್ ಲೈಟ್ ಜಾಸ್ತಿ ಬೇಡ, ಗೋದಲಿ ಮದ್ವೆ ಮಂಟಪದ ಥರ ಮಿನುಗ್ಬಾರ್ದು ಅಂತ ನನ್ ಅಭಿಪ್ರಾಯ. ಬಾಲಯೇಸುವನ್ನ 24ರ ರಾತ್ರಿ ಪೂಜೇಲೇ ಇಡೋದು, ಅಲ್ಲೀವರ್ಗೂ ತೊಟ್ಟಿ ಖಾಲಿ ಇರ್ಲಿ.