ಬಂದರು ನೋಡಲು ವರ್ಷಕ್ಕೊಂದು ದಿನ: ಮನವಿಗೆ ಸಹಿ ಹಾಕಿ

ಎಲ್ಲರಿಗೂ ನಮಸ್ಕಾರ. ಪಣಂಬೂರಿನ ನವಮಂಗಳೂರು ಬಂದರನ್ನು ವರ್ಷಕ್ಕೊಂದು ದಿನ ಸುತ್ತಲಿನ ಊರಿನವರಿಗೆ ತೋರಿಸಿ ಎಂದು ಮನವಿ ಬರೆಯುತ್ತಿದ್ದೇವೆ. ಏಪ್ರಿಲ್ 5 ಆದರೆ ಒಳ್ಳೆಯದು. 1919ರಲ್ಲಿ ಅದೇ ದಿನ ಭಾರತೀಯ ಕಂಪನಿಯ ‘ಎಸ್.ಎಸ್. ಲಾಯಲ್ಟಿ’ ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟಿತ್ತು. ಅದರ ನೆನಪಿಗೇ ರಾಷ್ಟ್ರೀಯ ಸಾಗರಯಾನ ದಿನ.

ಒಳಗೆ ಬಿಡುವುದು ಸುಲಭವಲ್ಲ, ಇದು ನಮಗೂ ಗೊತ್ತಿರಬೇಕು. ಕಚ್ಚಾ ತೈಲ, ಅಡುಗೆ ಅನಿಲ ಇಳಿಯುವ ಜಾಗ ಅದು. ಕ್ರೇನ್ ಕೆಳಗೆ, ಲಾರಿಗಳ ಮಧ್ಯೆ ಸುಮ್ನೆ ಓಡಾಡಲು ಆಗುವುದಿಲ್ಲ. 2004ರಿಂದ ಬಂದರುಗಳಿಗೆ ಅಂತರರಾಷ್ಟ್ರೀಯ ಭದ್ರತಾ ನಿಯಮಗಳೂ ಇವೆ. ಹಾಗಾಗಿ ನಮ್ಮ ಕೋರಿಕೆ ಚಿಕ್ಕದು. ಮೊದಲೇ ಹೆಸರು ಕೊಟ್ಟವರನ್ನು ಬಸ್ಸಿನಲ್ಲಿ ಕರೆದೊಯ್ದು ಹಡಗು ನಿಲ್ಲುವ ಒಂದು ಧಕ್ಕೆಯನ್ನಾದರೂ ತೋರಿಸಲಿ. ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ಅಷ್ಟು ದೊಡ್ಡ ಬಂದರು, ಅಲ್ಲೇ 1978ರಿಂದ ಜನರಿಗಾಗಿ ಬಂದರು ಹಬ್ಬ ಮಾಡುತ್ತಾರೆ.

ನಮ್ಮ ಮಕ್ಕಳು ಬೀಚಿನಿಂದ ಹಡಗು ನೋಡುತ್ತಲೇ ಬೆಳೆದವರು. ಪುಟ್ಟ ಟಗ್ ಬೋಟು ಅಷ್ಟು ದೊಡ್ಡ ಹಡಗನ್ನು ಹೇಗೆ ತಳ್ಳಿ ಧಕ್ಕೆಗೆ ತರುತ್ತದೆ ಎಂದು ಅವರು ಹತ್ತಿರದಿಂದ ನೋಡಬೇಕು ಅಲ್ವಾ?

ಸಹಿ ಹಾಕುವವರು ಭಾನುವಾರದೊಳಗೆ ಇಲ್ಲೇ ಹೆಸರು ಬರೆಯಿರಿ. ಬಂದರಿನಲ್ಲಿ ದುಡಿದ ಹಿರಿಯರು ಗುಂಪಿನಲ್ಲಿದ್ದರೆ ದಯವಿಟ್ಟು ನನಗೆ ಫೋನ್ ಮಾಡಿ. ಯಾವ ಜಾಗಕ್ಕೆ ಜನ ಹೋಗಬಹುದು, ಎಲ್ಲಿ ಬೇಡ ಎಂದು ನೀವೇ ಹೇಳಬೇಕು.