ತೋಟದ ಶೆಡ್ಡಿಗೆ ನೆಲದ ಹಿಡಿತ ಬೇಕು

ಮಾನ್ಯ ಸಂಪಾದಕರೇ,

ಮುಂಗಾರು ಬಿರುಸಾದ ಕೂಡಲೇ ಕೊಡಗಿನ ಸುದ್ದಿಗಳಲ್ಲಿ ಮರ ಬಿದ್ದು ರಸ್ತೆ ಬಂದ್ ಆದದ್ದು, ಬರೆ (ಗುಡ್ಡದ ಕಡಿದಾದ ಬದಿ) ಕುಸಿದದ್ದು ಮತ್ತು ಗಾಳಿಗೆ ಶೀಟು ಹಾರಿಹೋದದ್ದು ತಪ್ಪದೆ ಬರುತ್ತವೆ. ಮನೆಯ ಚಾವಣಿಯ ವಿಷಯದಲ್ಲಿ ಜನರಿಗೆ ಎಚ್ಚರವಿದೆ. ಆದರೆ ಕತ್ತಿ, ಗುದ್ದಲಿ, ಸ್ಪ್ರೇಯರ್, ಗೊಬ್ಬರದ ಚೀಲ ಇಡಲು ತೋಟದ ಮೂಲೆಯಲ್ಲಿ ನಿಲ್ಲಿಸುವ ಸಣ್ಣ ಶೆಡ್ಡನ್ನು ಯಾರೂ ಕಟ್ಟಡವೆಂದು ಎಣಿಸುವುದಿಲ್ಲ. ನಾಲ್ಕು ಕಂಬ ನೆಟ್ಟು, ಶೀಟು ಹೊದಿಸಿ, ಮೇಲೆ ಮರಳಿನ ಚೀಲವನ್ನೋ ಹಳೆಯ ಟೈರನ್ನೋ ಹೇರಿದರೆ ಕೆಲಸ ಮುಗಿಯಿತೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆ ಅಪಾಯಕಾರಿ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಬೆಳೆಗಾರರ ಗಮನಕ್ಕೆ ತರಬಯಸುತ್ತೇನೆ.

ಗಾಳಿ ಶೆಡ್ಡನ್ನು ಪಕ್ಕಕ್ಕೆ ತಳ್ಳುವುದಷ್ಟೇ ಅಲ್ಲ, ಮೇಲಕ್ಕೂ ಎತ್ತುತ್ತದೆ. ಗಾಳಿಯ ಒತ್ತಡವನ್ನು ಲೆಕ್ಕ ಹಾಕುವ ಕ್ರಮವನ್ನು ಭಾರತೀಯ ಮಾನಕ ಬ್ಯೂರೋದ, 2015ರಲ್ಲಿ ಪರಿಷ್ಕರಿಸಲಾದ ಐಎಸ್ 875 ಸಂಹಿತೆಯ ಮೂರನೆಯ ಭಾಗ ತಿಳಿಸುತ್ತದೆ. ಅದರ ಸೂತ್ರವನ್ನು ಹಿಡಿದು ನೋಡಿದರೆ, ಗಂಟೆಗೆ 72 ಕಿ.ಮೀ. ವೇಗದ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 24 ಕೆ.ಜಿ. ಭಾರಕ್ಕೆ ಸಮ. ಹತ್ತಡಿ ಉದ್ದ, ಎಂಟಡಿ ಅಗಲದ ಚಾವಣಿಯ ಮೇಲೆ ಅಷ್ಟೇ ಒತ್ತಡ ಮೇಲ್ಮುಖವಾಗಿ ಎಳೆಯಿತೆಂದರೂ 180 ಕೆ.ಜಿ.ಯಷ್ಟಾಗುತ್ತದೆ, ಅದೇ ಚಾವಣಿಯ ಅರ್ಧ ಮಿಲಿಮೀಟರ್ ದಪ್ಪದ ತಗಡಿನ ತೂಕವೋ 40 ಕೆ.ಜಿ. ದಾಟುವುದಿಲ್ಲ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗುಡ್ಡದ ನೆತ್ತಿಯಲ್ಲಿ ಗಾಳಿಯ ವೇಗವನ್ನು ಶೇ 36ರವರೆಗೆ ಹೆಚ್ಚಿಸಿ ಲೆಕ್ಕ ಹಾಕಬೇಕಾದ ಸಂದರ್ಭಗಳೂ ಆ ಸಂಹಿತೆಯಲ್ಲಿವೆ ಎಂಬುದು ಭಾಗಮಂಡಲ, ಶಾಂತಳ್ಳಿ ಕಡೆಯ ಏರುತೋಟದವರಿಗೆ ಮುಖ್ಯವಾದ ಮಾತು. ಇಷ್ಟು ಸಾಲದೆಂಬಂತೆ, ಗಾಳಿ ಬರುವ ಕಡೆಯ ಬಾಗಿಲು ಚಿಲಕ ಕಿತ್ತು ತೆರೆದುಕೊಂಡರೆ ಒಳಗೆ ನುಗ್ಗಿದ ಗಾಳಿಯೂ ಚಾವಣಿಯನ್ನು ಕೆಳಗಿನಿಂದ ತಳ್ಳತೊಡಗುತ್ತದೆ. ನಾಲ್ಕಾರು ಮರಳಿನ ಚೀಲಗಳು ಇದನ್ನು ತಡೆಯಲಾರವು. ಪ್ಲಾಸ್ಟಿಕ್ ಚೀಲ ಬೇಸಿಗೆಯ ಬಿಸಿಲಿಗೇ ಜಾಳಾಗಿ ಹರಿದಿರುತ್ತದೆ. ಕಲ್ಲು ಹೇರಿದ್ದರೆ ಅದು ಜಾರಿ ಕೆಳಗಿದ್ದವರ ತಲೆಯ ಮೇಲೆ ಬೀಳಬಹುದು.

ಹೊಸದಾಗಿ ಶೆಡ್ ಕಟ್ಟುವವರು ಖರ್ಚನ್ನು ಮೊದಲು ನೆಲದೊಳಗೆ ಮಾಡಬೇಕು. ಒಂದೂವರೆ ಅಡಿ ಚೌಕ, ಎರಡಡಿ ಆಳದ ಗುಂಡಿಗೆ ಕಾಂಕ್ರೀಟ್ ತುಂಬಿದರೆ ಒಂದೊಂದೂ ಸುಮಾರು 300 ಕೆ.ಜಿ. ತೂಗುತ್ತದೆ, ನಾಲ್ಕು ಮೂಲೆಗೆ 1,200 ಕೆ.ಜಿ. ಆಯಿತು. ಗುಂಡಿಯ ತಳವನ್ನು ಬಾಯಿಗಿಂತ ತುಸು ಅಗಲವಾಗಿ ತೋಡಿದರೆ ಸುತ್ತಲಿನ ಮಣ್ಣೂ ಅದನ್ನು ಅದುಮಿ ಹಿಡಿಯುತ್ತದೆ. ಕಬ್ಬಿಣದ ಪೈಪು ಹುಗಿಯುವುದಾದರೆ ಅದರ ಬುಡಕ್ಕೆ ಒಂದು ಗೇಣು ಕಂಬಿಯನ್ನು ಅಡ್ಡಲಾಗಿ ವೆಲ್ಡ್ ಮಾಡಿಸಬೇಕು. ಇಲ್ಲವಾದರೆ ನುಣುಪಾದ ಪೈಪು ಕಾಂಕ್ರೀಟಿನಿಂದ ಕಳಚಿಕೊಂಡು ಮೇಲೇಳಬಹುದು. ಮರದ ಕಂಬವನ್ನು ಮಾತ್ರ ಹುಗಿಯಲೇಬಾರದು, ಏಕೆಂದರೆ ನೀರೂ ಗೆದ್ದಲೂ ಸೇರಿ ಮಣ್ಣಿನ ಮಟ್ಟದಲ್ಲೇ ಅದನ್ನು ತಿಂದು ಹಾಕುತ್ತವೆ. ಕಾಂಕ್ರೀಟಿನಲ್ಲಿ ಕಬ್ಬಿಣದ ಪಟ್ಟಿ ಕೂರಿಸಿ, ಕಂಬದ ಬುಡ ನೆಲಕ್ಕೆ ತಾಗದಂತೆ ಬೋಲ್ಟ್ ಹಾಕಿ ಬಿಗಿಯುವುದು ಉತ್ತಮ. ಬರೆಯ ಅಂಚಿಗೆ ಮಣ್ಣು ತುಂಬಿಸಿ ಮಾಡಿದ ಸಮತಟ್ಟಿನಲ್ಲಿ ಶೆಡ್ ನಿಲ್ಲಿಸಲೇಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗಾಗಲೇ ಇರುವ ಶೆಡ್ಡನ್ನು ಕೆಡವಬೇಕಾಗಿಲ್ಲ. ಮೂಲೆಗಳ ಹೊರಬದಿಯಲ್ಲಿ ಇಂಥದ್ದೇ ಗುಂಡಿ ತೋಡಿ, ಕಾಂಕ್ರೀಟಿನಲ್ಲಿ ಹುದುಗಿಸಿದ ಕಬ್ಬಿಣದ ಪಟ್ಟಿಗೆ ಕಂಬವನ್ನು ಬೋಲ್ಟ್ ಮಾಡಬಹುದು. ಎರಡಿಂಚಿನ ತೆಳು ಕಾಂಕ್ರೀಟ್ ನೆಲಕ್ಕೆ ಆಂಕರ್ ಬೋಲ್ಟ್ ಹೊಡೆದು ನಿಶ್ಚಿಂತರಾಗುವುದು ಸರಿಯಲ್ಲ, ಎಳೆತ ಬಿದ್ದಾಗ ನೆಲದ ಚಕ್ಕೆಯೇ ಎದ್ದು ಬರುತ್ತದೆ. ಪಕ್ಕದ ಸಿಲ್ವರ್ ಓಕ್ ಮರಕ್ಕೆ ತಂತಿ ಬಿಗಿಯುವ ಪದ್ಧತಿಯನ್ನಂತೂ ಕೈಬಿಡಲೇಬೇಕು. ಗಾಳಿಗೆ ಮರ ತೂಗಿದಂತೆಲ್ಲ ಶೆಡ್ಡನ್ನು ಜಗ್ಗುತ್ತದೆ, ಬಿದ್ದರೆ ಜೊತೆಗೇ ಎಳೆದುಕೊಂಡು ಬೀಳುತ್ತದೆ.

ನೆಲದ ಹಿಡಿತ ಎಷ್ಟೇ ಭದ್ರವಾಗಿದ್ದರೂ ಶೀಟಿನಿಂದ ರೀಪಿಗೆ, ರೀಪಿನಿಂದ ಕಂಬಕ್ಕೆ, ಕಂಬದಿಂದ ಕಾಂಕ್ರೀಟಿಗೆ ಬಿಗಿತ ಎಲ್ಲಿಯೂ ತಪ್ಪಬಾರದು. ರೀಪನ್ನು ಮೊಳೆಯ ಬದಲು ಕಬ್ಬಿಣದ ಪಟ್ಟಿಯಿಂದ ಕಂಬಕ್ಕೆ ಕಟ್ಟಬೇಕು. ನಮ್ಮ ಮಳೆಗೆ ಚಾವಣಿಯ ಅಂಚನ್ನು ಹೊರಚಾಚುವುದು ಅನಿವಾರ್ಯ; ಆದರೆ ಗಾಳಿ ಮೊದಲು ಕೈ ಹಾಕುವುದೂ ಅಲ್ಲಿಗೇ ಆದ್ದರಿಂದ ಅಂಚು ಮತ್ತು ಮೂಲೆಗಳಲ್ಲಿ ಸ್ಕ್ರೂಗಳನ್ನು ಉಳಿದೆಡೆಗಿಂತ ಒತ್ತಾಗಿ ಹಾಕಬೇಕು. ವಾಷರಿನ ರಬ್ಬರ್ ಸೀಳಿದ್ದರೆ ಮಳೆಗಾಲಕ್ಕೆ ಮೊದಲೇ ಬದಲಾಯಿಸಬೇಕು.

ಇದು ಒಬ್ಬರ ನಷ್ಟದ ಪ್ರಶ್ನೆ ಮಾತ್ರವಲ್ಲ. ಹಾರಿದ ತಗಡು ವಿದ್ಯುತ್ ತಂತಿಗೆ ಬಡಿದರೆ ಊರೇ ಕತ್ತಲಾಗುತ್ತದೆ, ಸುರಿಯುವ ಮಳೆಯಲ್ಲಿ ಲೈನ್‌ಮನ್ ಕಂಬ ಹತ್ತಬೇಕಾಗುತ್ತದೆ. ದಾರಿಯಲ್ಲಿ ಹೋಗುವವರಿಗೆ ಅದು ಕತ್ತಿಯಂತೆ ತಾಗಬಹುದು. ಆದ್ದರಿಂದ ಸಿದ್ಧ ಶೆಡ್ ಮಾರುವವರು ಬುಡದ ಪಟ್ಟಿ, ಬೋಲ್ಟುಗಳನ್ನು ಬೆಲೆಯಲ್ಲಿಯೇ ಸೇರಿಸಿ ಕೊಡಬೇಕೆಂದೂ, ಗ್ರಾಮ ಪಂಚಾಯಿತಿಗಳು ಮಳೆಗಾಲದ ಮುನ್ನೆಚ್ಚರಿಕೆಯ ಸಭೆಗಳಲ್ಲಿ ಈ ವಿಷಯವನ್ನೂ ತೆಗೆದುಕೊಳ್ಳಬೇಕೆಂದೂ ಕೋರುತ್ತೇನೆ. ಆ ಸಭೆಗಳು ಮೇ ತಿಂಗಳ ಕೊನೆಗೆ ನಡೆದರೆ ಪ್ರಯೋಜನವಿಲ್ಲ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಮಣ್ಣು ಮೆತ್ತಗಾದಾಗ ಗುಂಡಿ ತೋಡುವುದು ಸುಲಭ. ಹಾಕಿದ ಕಾಂಕ್ರೀಟಿಗೆ ಕನಿಷ್ಠ ಒಂದು ವಾರ ನೀರುಣಿಸಬೇಕು, ಅದು ಪೂರ್ಣ ಬಲಕ್ಕೆ ಬರಲು 28 ದಿನ ಬೇಕು. ಆ ಲೆಕ್ಕದಲ್ಲಿ ಏಪ್ರಿಲ್ ಮುಗಿಯುವುದರೊಳಗೆ ಕೆಲಸ ಆಗಿರಬೇಕು.

ಇಂತಿ,
ಓರ್ವ ಕಾಫಿ ಬೆಳೆಗಾರ
ಸೋಮವಾರಪೇಟೆ ತಾಲ್ಲೂಕು, ಕೊಡಗು