ಸೈಕಲ್ಲಿನ ಜೊತೆ ಕಳಿಸಿದ ಪತ್ರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಸೈಕಲ್ ಸಿದ್ಧವಾಗಿದೆ. ನಾಳೆ ಬೆಳಗಿನ ಹುಬ್ಬಳ್ಳಿ ಬಸ್ಸಿಗೆ ಹಾಕುತ್ತೇನೆ. ಸೀಟಿನ ಕೆಳಗಿನ ಚೀಲದಲ್ಲಿ ಈ ಪತ್ರವಿದೆ. ಫೋನ್ ಮಾಡಿದರೆ ನಿನ್ನೆಯಂತೆಯೇ ನನ್ನ ದನಿ ಏರುತ್ತದೆ, ನೀನು ಫೋನ್ ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಓವರ್‌ಹಾಲ್ ಮಾಡಿಕೊಡು ಎಂದಷ್ಟೇ ನೀನು ಹೇಳಿದ್ದೆ. ಭಾನುವಾರ ಕಾರವಾರದಲ್ಲಿ ಟ್ರಯಥ್ಲಾನ್ ಇದೆ, ಸೈಕಲ್ಲು, ಓಟಕ್ಕಿಂತ ಮೊದಲು ಸಮುದ್ರದಲ್ಲಿ 750 ಮೀಟರ್ ಈಜಬೇಕು ಎಂಬುದು ನನಗೆ ತಿಳಿದದ್ದು ನಿನ್ನ ಅವ್ವನಿಂದ. ಅದನ್ನು ಕೇಳಿದ ಮೇಲೆ ನಾನು ಆಡಿದ ಮಾತು ತಪ್ಪು.

ಡಂಬಳದ ಬಾವಿಯಲ್ಲಿ ಅಂದು ಏನಾಯಿತು ಎಂಬುದು ನಿನಗೂ ನೆನಪಿದೆ, ಅದನ್ನು ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ್ದು ಅದರ ಹಿಂದಿನ ಸಂಜೆಯದು. ನಿನ್ನ ಸೊಂಟಕ್ಕೆ ಕಟ್ಟಿದ್ದ ಆ ಸ್ಕೂಟರ್ ಟ್ಯೂಬಿಗೆ ಪಂಕ್ಚರ್ ಹಾಕಿದವನು ನಾನೇ. ಉಜ್ಜಿದೆ, ಸಲ್ಯೂಷನ್ ಹಚ್ಚಿದೆ. ಅದು ಒಣಗುವ ತನಕ ಕಾಯಬೇಕು, ಆಮೇಲೆ ಪ್ಯಾಚ್ ಒತ್ತಬೇಕು, ಗಾಳಿ ತುಂಬಿ ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಬೆಟಗೇರಿಯಲ್ಲಿ ಯಾರದೇ ಟ್ಯೂಬ್ ಬಂದರೂ ಹಾಗೆ ನೋಡದೆ ಕೊಟ್ಟವನಲ್ಲ ನಾನು. ಅಂದು ಕೊನೆಯ ಬಸ್ಸು ತಪ್ಪುತ್ತದೆಂದು ಸಲ್ಯೂಷನ್ ಹಸಿ ಇರುವಾಗಲೇ ಪ್ಯಾಚ್ ಒತ್ತಿ, ಬುಟ್ಟಿಗೆ ಅದ್ದದೆ ಚೀಲಕ್ಕೆ ಹಾಕಿದೆ. ಬುಟ್ಟಿಯಲ್ಲಿ ನೋಡಬೇಕಾಗಿದ್ದ ಗುಳ್ಳೆಗಳನ್ನು ಮರುದಿನ ಬಾವಿಯಲ್ಲಿ ನೋಡಿದೆ. ನಿನ್ನ ಬೆನ್ನ ಹಿಂದೆ ಸಣ್ಣಗೆ, ಸಾಲಾಗಿ ಏಳುತ್ತಿದ್ದವು. ಅವು ಏನೆಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಾಯಿತು. ಗೊತ್ತಾದರೂ ಈಜು ಬಾರದ ನನ್ನ ಕಾಲು ಆ ಮೆಟ್ಟಿಲಿನಿಂದ ಕೀಳಲಿಲ್ಲ, ಬಾಯಿಂದ ಕೂಗೂ ಹೊರಡಲಿಲ್ಲ. ನಿನ್ನ ಸೋದರಮಾವ ಜಿಗಿದ.

ಹಳೆಯ ಟ್ಯೂಬು, ಒಡೆಯಿತು ಎಂದರು ಎಲ್ಲರೂ. ನಾನು ಸುಮ್ಮನಿದ್ದೆ. ಇಷ್ಟು ವರ್ಷ ನಿನ್ನ ಅವ್ವನಿಗೂ ಹೇಳಿಲ್ಲ. ಒಂಬತ್ತನೆಯ ತರಗತಿಯಲ್ಲಿ ಈಜಿನ ಶಿಬಿರಕ್ಕೆ ಸಹಿ ಕೇಳಿಕೊಂಡು ಬಂದಾಗ, ಹೆಣ್ಣುಮಕ್ಕಳಿಗೆ ಅದೆಲ್ಲ ಏಕೆ ಎಂದೆನಲ್ಲ, ಅದು ನನ್ನ ಮನಸ್ಸಿನ ಮಾತಾಗಿರಲಿಲ್ಲ. ಆ ಗುಳ್ಳೆಗಳು ಕಣ್ಣ ಮುಂದೆ ಬಂದಿದ್ದವು. ಕಾರಣ ಹೇಳುವ ಧೈರ್ಯವಿಲ್ಲದೆ ನಿನ್ನ ಮನಸ್ಸು ಮುರಿದೆ. ತಪ್ಪಾಯಿತು, ತಾಯಿ.

ಅಂಥ ಅಪ್ಪನ ಮಗಳು ನೌಕರಿ ಸೇರಿದ ಮೇಲೆ ತಾನೇ ದುಡ್ಡು ಕಟ್ಟಿ ಈಜು ಕಲಿತಿದ್ದಾಳೆ. ಇದನ್ನು ನಿನ್ನೆಯೇ ಹೇಳಬೇಕಿತ್ತು. ಸೈಕಲ್ಲಿನ 20 ಕಿಲೋಮೀಟರಿಗೆ ನನಗೆ ಚಿಂತೆಯಿಲ್ಲ. ಗದಗಿನಿಂದ ಡಂಬಳಕ್ಕೂ ಹೆಚ್ಚುಕಡಿಮೆ ಅಷ್ಟೇ ದಾರಿ, ಹದಿಮೂರರ ವಯಸ್ಸಿಗೇ ಒಬ್ಬಳೇ ತುಳಿದವಳು ನೀನು. ಕಪ್ಪತಗುಡ್ಡದ ಏರನ್ನೂ ಹತ್ತಿದ್ದೀ. ಆದರೂ ಕಾರವಾರದಲ್ಲಿ ಸಹ್ಯಾದ್ರಿ ಸಮುದ್ರದ ತನಕ ಬಂದು ನಿಂತಿದೆ, ಏರು ಮುಗಿಯುತ್ತಲೇ ಇಳಿಜಾರು. ಏರು ಶುರುವಾಗುವ ಮೊದಲೇ ಗೇರ್ ಇಳಿಸು. ಚೈನಿನ ಮೇಲೆ ಭಾರ ಬಿದ್ದ ಮೇಲೆ ಬದಲಿಸಬೇಡ. ಇಳಿಜಾರಿನಲ್ಲಿ ತಿರುವಿಗೆ ಮೊದಲೇ ಎರಡೂ ಬ್ರೇಕ್ ಹಿಡಿ, ತಿರುವಿನ ನಡುವೆ ಬೇಡ. ಬ್ರೇಕ್ ರಬ್ಬರ್ ನಾಲ್ಕೂ ಹೊಸವು. ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಸ್ಟ್ಯಾಂಡಿನಿಂದ ಸೈಕಲ್ ತೆಗೆಯಬಾರದು ಎಂಬ ನಿಯಮವಿದೆಯಂತೆ, ಒಳ್ಳೆಯ ನಿಯಮ. ಇಳಿದ ಕೂಡಲೇ ಕಾಲು ಕಲ್ಲಿನಂತಾಗಿರುತ್ತವೆ, ಓಟದ 5 ಕಿಲೋಮೀಟರಿನಲ್ಲಿ ಮೊದಲನೆಯದನ್ನು ನಿಧಾನವಾಗಿ ಓಡು. ಸ್ಪರ್ಧೆ ಮುಗಿದ ಮೇಲೆ ಚೈನನ್ನು ಸಿಹಿನೀರಿನಿಂದ ತೊಳೆದು, ಒರೆಸಿ, ಎಣ್ಣೆ ಬಿಡು, ಉಪ್ಪು ಕಬ್ಬಿಣ ತಿನ್ನುತ್ತದೆ.

ಉಪ್ಪುನೀರು ಬಾವಿಯ ನೀರಿಗಿಂತ ಮೈಯನ್ನು ಹೆಚ್ಚು ಎತ್ತಿ ಹಿಡಿಯುತ್ತದೆ ಎಂದು ನಿನ್ನೆ ನೀನು ವಾದಿಸಿದೆ. ಇರಬಹುದು. ಆದರೆ ಬಾವಿಗೆ ಸೆಳೆತವಿಲ್ಲ. ಸೆಳೆತಕ್ಕೆ ಸಿಕ್ಕರೆ ದಂಡೆಗೆ ನೇರವಾಗಿ ಈಜಿ ದಣಿಯಬೇಡ, ದಂಡೆಗುಂಟ ಅಡ್ಡಕ್ಕೆ ಈಜು. ಸುಸ್ತಾದರೆ ಕಾವಲಿನ ದೋಣಿಯನ್ನು ಹಿಡಿದು ನಿಲ್ಲಬಹುದು, ಹಿಡಿದುಕೊಂಡು ಮುಂದೆ ಸಾಗಬಾರದು ಅಷ್ಟೇ ಎಂದೂ ನೀನೇ ಹೇಳಿದೆ. ಹಾಗಾದರೆ ಹಿಡಿ. ನಾಲ್ಕು ಜನ ಮುಂದೆ ಹೋದರೆ ಹೋಗಲಿ. ಉಸಿರು ಸಿಗದಿದ್ದರೆ ಕೈ ಎತ್ತು. ಕೈ ಎತ್ತುವುದಕ್ಕೆ ನಾಚಬೇಡ. ಮತ್ತೆ ಬರೆಯುತ್ತೇನೆ, ನಾಚಬೇಡ.

ಎರಡೂ ಗಾಲಿಗೆ ಹೊಸ ಟ್ಯೂಬ್ ಹಾಕಿದ್ದೇನೆ. ಹೊಸದನ್ನು ಯಾರೂ ಅದ್ದಿ ನೋಡುವುದಿಲ್ಲ, ನಾನು ಮೂರು ಸಲ ಅದ್ದಿ ನೋಡಿದೆ.

ಶನಿವಾರ ನಾನೂ ಅವ್ವನೂ ಕಾರವಾರಕ್ಕೆ ಬರುತ್ತೇವೆ, ಬೇಡ ಎನ್ನಬೇಡ. ಅವಳು ದಂಡೆಯಲ್ಲಿ ನಿಲ್ಲುತ್ತಾಳೆ. ನನ್ನಿಂದ ಅದಾಗದು. ಸೈಕಲ್ ಇಡುವ ಜಾಗದ ಬೇಲಿಯ ಹೊರಗೆ, ನಿನ್ನ ಸೈಕಲ್ ಕಾಣುವಲ್ಲಿ ನಿಂತಿರುತ್ತೇನೆ. ನೀರಿನಿಂದ ಎದ್ದು ಓಡಿ ಬಂದಾಗ ಒಮ್ಮೆ ನನ್ನ ಕಡೆ ನೋಡು.

ನಿನ್ನ ಅಪ್ಪ